ತಾತ ಬಿಟ್ಟುಕೊಟ್ಟ ದುಡ್ಡು

ಪ್ರಶ್ನೆ: 1947ರಲ್ಲಿ ನಮ್ಮ ತಾತ ಬಳ್ಳಾರಿ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು. ಬ್ರಿಟಿಷರು ಹೋಗುವಾಗ ನೌಕರರಿಗೆಲ್ಲ ಪರಿಹಾರ ಕೊಟ್ಟರಂತೆ, ತಾತ ಮಾತ್ರ ಬೇಡ ಅಂದರಂತೆ. ನಿಜಾನಾ? ಅಜ್ಜಿಯ ತವರು ಕೊಪ್ಪಳ, ಅವರ ಅಪ್ಪನೂ ಸರ್ಕಾರಿ ನೌಕರರೇ. ಅವರದೇನಾಯಿತು?

ಉತ್ತರ: ಕತೆ ಚೆನ್ನಾಗಿದೆ. ಆದರೆ ಗುಮಾಸ್ತರಿಗೆ ಆ ದುಡ್ಡು ಇರಲೇ ಇಲ್ಲ, ಬೇಡ ಅನ್ನೋದೆಲ್ಲಿಂದ ಬಂತು! 1947ರ ಏಪ್ರಿಲ್ 30ರಂದು ಘೋಷಿಸಿದ ಪರಿಹಾರ ಲಂಡನ್ನಿನ ಭಾರತ ಮಂತ್ರಿ (ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸಚಿವ) ನೇಮಿಸಿದ ಐಸಿಎಸ್ (ಈಗಿನ ಐಎಎಸ್‌ಗೆ ಮೊದಲಿದ್ದ ಸೇವೆ), ಇಂಡಿಯನ್ ಪೊಲೀಸ್‌ನಂಥ ದೊಡ್ಡವರಿಗೆ, ಅದರಲ್ಲೂ ಮುಖ್ಯವಾಗಿ ಊರಿಗೆ ಹೊರಟ ಬಿಳಿಯರಿಗೆ. ಭಾರತೀಯ ಅಧಿಕಾರಿಗಳು ಇಲ್ಲೇ ಕೆಲಸ ಮಾಡ್ತಾರೆ, ಅವರಿಗ್ಯಾಕೆ ಪರಿಹಾರ ಅಂತ ಸರ್ದಾರ್ ಪಟೇಲರು ಪಟ್ಟು ಹಿಡಿದರು. ಬದಲಿಗೆ ಅವರಿಗೆ ಸಿಕ್ಕಿದ್ದು ಭರವಸೆ: ಸಂಬಳ, ರಜೆ, ಪಿಂಚಣಿ ಹಳೆಯ ಹಾಗೇ. 1947ರ ಭಾರತ ಸ್ವಾತಂತ್ರ್ಯ ಕಾಯಿದೆಯ 10ನೇ ಸೆಕ್ಷನ್‌ನಲ್ಲಿದ್ದ ಆ ಮಾತು ಸಂವಿಧಾನದ 314ನೇ ವಿಧಿಯಾಯಿತು, 1972ರಲ್ಲಿ ತೆಗೆದರು.

ತಾತ ಮದ್ರಾಸ್ ಪ್ರಾಂತ್ಯದ ನೌಕರರು. ಆಗಸ್ಟ್ 15 ಕಳೆದ ಮೇಲೂ ಅದೇ ಕಚೇರಿ, ಅದೇ ಮದ್ರಾಸು. ಅವರ ಧಣಿ ಬದಲಾಗಿದ್ದು 1953ರ ಅಕ್ಟೋಬರ್ 1ಕ್ಕೆ. ಆದೋನಿ, ಆಲೂರು, ರಾಯದುರ್ಗ ಹೊಸದಾಗಿ ಹುಟ್ಟಿದ ಆಂಧ್ರ ರಾಜ್ಯಕ್ಕೆ, ಉಳಿದ ಬಳ್ಳಾರಿ ಮೈಸೂರಿಗೆ. ಕೂತ ಕುರ್ಚಿ ಅಲ್ಲಾಡದೆ ರಾಜ್ಯ ಬದಲು, ಅಲ್ವಾ?

ಕೊಪ್ಪಳದ್ದು ಇನ್ನೂ ಗೋಜಲು. ಅದು ಹೈದರಾಬಾದ್ ನಿಜಾಮನ ರಾಜ್ಯದೊಳಗಿದ್ದ ಸಾಲಾರ್ ಜಂಗ್ ಮನೆತನದ ಜಾಗೀರು (ಉಂಬಳಿ ಸೀಮೆ), ಹಾಗಾಗಿ ಅಜ್ಜಿಯ ಅಪ್ಪ ಜಾಗೀರಿನ ನೌಕರರೋ ನಿಜಾಮ ಸರ್ಕಾರದವರೋ ಅನ್ನೋದನ್ನು ಮೊದಲು ನೋಡಬೇಕು, ಎರಡೂ ಒಂದೇ ಅಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಆಕ್ಷನ್ (ನಿಜಾಮನ ರಾಜ್ಯದ ಮೇಲೆ ಭಾರತ ಸೇನೆಯ ಕಾರ್ಯಾಚರಣೆ) ಆಯಿತು, 1949ರಲ್ಲಿ ಜಾಗೀರುಗಳೇ ರದ್ದಾದವು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ (ಕೊಪ್ಪಳ ಆಗ ಅದರೊಳಗೆ) ಮೈಸೂರಿಗೆ ಬಂತು.

ಗುಮಾಸ್ತರಿಗೂ ಅಂಥದೊಂದು ಭರವಸೆ ಸಿಕ್ಕಿದ್ದು ಆ ವರ್ಷವೇ ಅನ್ನಬೇಕು. ಹೊಸ ರಾಜ್ಯಕ್ಕೆ ಬಂದವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಮೊದಲು ಕೇಂದ್ರದ ಒಪ್ಪಿಗೆ ಬೇಕು ಅಂತ ರಾಜ್ಯ ಪುನರ್ವಿಂಗಡಣೆ ಕಾಯಿದೆಯ 115ನೇ ಸೆಕ್ಷನ್ ಹೇಳಿತು. ಆದರೂ ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಐದು ಕಡೆಯವರನ್ನು ಒಂದೇ ಪಟ್ಟಿಗೆ ಸೇರಿಸೋದು ಸುಮ್ನೆ ಮಾತಲ್ಲ. ಯಾರು ಸೀನಿಯರ್ ಅನ್ನೋ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯಿತು.

ತಾತನ ಸರ್ವಿಸ್ ಬುಕ್ ಮನೆಯಲ್ಲಿದ್ದರೆ 1947ರ ಪುಟ ಬಿಡಿ, 1953ರದ್ದು ತೆಗೆದು ನೋಡಿ.