ಕ್ಯಾಸೆಟಿಗೆ ಬೂಸ್ಟು, ದೋಟಿಗೆ ಕರೆಂಟು

ಪ್ರಶ್ನೆ: 1980ರ ದಶಕದಲ್ಲಿ ಅಪ್ಪ ರೆಕಾರ್ಡು ಮಾಡಿಟ್ಟ ತಾಳಮದ್ದಳೆ ಕ್ಯಾಸೆಟುಗಳು ಅಟ್ಟದಲ್ಲಿ ಸಿಕ್ಕಿವೆ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಇದೆ. ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿದರೆ ಭಾಗವತರ ಸ್ವರ ಎಳೆದ ಹಾಗೆ ಕೇಳುತ್ತದೆ. ಇವನ್ನು ಮೊಬೈಲಿಗೆ ತರಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ತರಬಹುದು. ಆದರೆ ಬಿಳಿ ಪುಡಿ ಇರುವ ಕ್ಯಾಸೆಟನ್ನು ಸದ್ಯ ಹಾಕಲೇಬೇಡಿ. ಅದು ಬೂಸ್ಟು. ಟೇಪಿನಿಂದ ಸ್ವರ ಎತ್ತುವ ಹೆಡ್ಡಿಗೆ ಅಂಟಿಕೊಂಡು ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟಿಗೂ ಹತ್ತುತ್ತದೆ. ಅಂಥವನ್ನು ಬೇರೆ ಮಾಡಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ವಾರ ಇಡಿ. ಹಪ್ಪಳದಂತೆ ಬಿಸಿಲಿಗೆ ಹಾಕಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿ, ಅಂಗಳದಲ್ಲಿ ಕುಳಿತು ಮೆತ್ತನೆಯ ಬ್ರಷ್ಷಿನಿಂದ ಪುಡಿ ತೆಗೆಯಿರಿ.

ಟೇಪು ಸುರುಳಿಯಲ್ಲೇ ಅಂಟಿದ್ದರೆ ಮೋಟರಿಗೆ ಕೊಡಬೇಡಿ, ತುಂಡಾಗುತ್ತದೆ. ಆರು ಮೂಲೆಯ ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿ. ಆಮೇಲೆ ಟೇಪಿನ ಹಿಂದೆ, ಸರೀ ನಡುವೆ ಇರುವ ಸಣ್ಣ ಉಣ್ಣೆಯ ತುಂಡನ್ನು ನೋಡಿ. ಟೇಪನ್ನು ಹೆಡ್ಡಿಗೆ ಒತ್ತುವುದು ಅದೇ. ಗೋಂದು ಒಣಗಿ ಅದು ಉದುರಿದ್ದರೆ ಅರ್ಥಧಾರಿಯ ಮಾತು ಮಂದವಾಗಿ ಕೇಳುತ್ತದೆ, ತಾಳದ ಕಿಣಿಕಿಣಿ ಮಾಯ. ಆಗ ಎರಡೂ ಸುರುಳಿಗಳನ್ನು ಎತ್ತಿ, ಸ್ಕ್ರೂ ಇರುವ ಬೇರೊಂದು ಕ್ಯಾಸೆಟಿನ ಚಿಪ್ಪಿಗೆ ಹಾಕುವುದೇ ಸುಲಭ. ಹಿಂಬದಿ ಅಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯದು.

ಸ್ವರ ಎಳೆಯುವುದಕ್ಕೆ ಹೆಚ್ಚಾಗಿ ಕಾರಣ ಸಡಿಲಾದ ರಬ್ಬರ್ ಬೆಲ್ಟು. ಅದು ಕರಗಿ ಟಾರಿನಂತಾಗಿದ್ದರೆ ಗಾಲಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ಒರೆಸಿಯೇ ಹೊಸದು ಹಾಕಿ. ಹೆಡ್ಡಿಗೂ ಅದೇ, ಹತ್ತಿ ಸುತ್ತಿದ ಕಡ್ಡಿಯಲ್ಲಿ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕ್ಯಾಸೆಟ್ ಓಡುವಾಗಲೇ ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ತಾಳ ಅತಿ ಚೂಪಾಗಿ ಕೇಳುವಲ್ಲಿ ನಿಲ್ಲಿಸಿ. ಇಷ್ಟು ಮಾಡದೆ ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸುತ್ತೇವೆ ಎನ್ನುವವರ ಮಾತು ನಂಬಬೇಡಿ. ಟೇಪಿನಿಂದ ಎತ್ತದೇ ಬಿಟ್ಟ ಸ್ವರವನ್ನು ಯಾವ ಸಾಫ್ಟ್‌ವೇರೂ ಮರಳಿ ಕೊಡದು.

ಸ್ಪೀಕರಿನ ಎದುರು ಮೊಬೈಲ್ ಹಿಡಿದರೆ ಮಳೆ, ಫ್ಯಾನು, ನಾಯಿ ಎಲ್ಲವೂ ಪ್ರಸಂಗದೊಳಗೆ ಬರುತ್ತವೆ. ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ವಯರು ಎಳೆದು, ಲೈನ್-ಇನ್ (ಮೈಕಿಗಿಂತ ಜೋರಿನ ಸ್ವರ ತಾಳುವ ತೂತು) ಇರುವ, ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಸೌಂಡ್‌ಕಾರ್ಡಿಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟರೆ ಸ್ವರ ಒಡೆಯುತ್ತದೆ. ರೆಕಾರ್ಡು ಮಾಡಲು ಉಚಿತವಾಗಿ ಸಿಗುವ ಅಡಾಸಿಟಿ ಸಾಫ್ಟ್‌ವೇರ್ ಸಾಕು: 44.1 ಕಿಲೊಹರ್ಟ್ಸ್, 16 ಬಿಟ್, ಅತಿ ಜೋರಿನ ಸ್ವರವೂ ಮೈನಸ್ 6 ಡೆಸಿಬೆಲ್ ದಾಟದಂತೆ. ಮೊದಲು ವೇವ್ ಫೈಲಾಗಿ ಉಳಿಸಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 600 ಎಂಬಿ, ಮೊನೊ ಆದರೆ ಅದರ ಅರ್ಧ. ವಾಟ್ಸ್ಆ್ಯಪಿಗೆ ಎಂಪಿ3 ಬೇರೆ ಮಾಡಿಕೊಳ್ಳಿ. ಸಿ-90 ಕ್ಯಾಸೆಟಿಗೆ ಒಂದೂವರೆ ಗಂಟೆ ಹಿಡಿದೇ ಹಿಡಿಯುತ್ತದೆ, ಅವಸರದ ದಾರಿ ಇಲ್ಲ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡಲು ಡ್ರೋನ್ ಒಳ್ಳೆಯದೋ, ಕಾರ್ಬನ್ ಫೈಬರ್ ದೋಟಿಯೋ?
— ಪೆರ್ಲದ ಕೃಷಿಕರು

ಉತ್ತರ: ಕೊಳೆರೋಗಕ್ಕಾದರೆ ದೋಟಿ, ಅಂದರೆ ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದ ಕೋಲು. ಡ್ರೋನ್ ಮೇಲಿಂದ ಸಿಂಪಡಿಸುತ್ತದೆ, ಅಡಿಕೆ ಕೊನೆಗಳು (ಗೊಂಚಲುಗಳು) ಇರುವುದು ಸೋಗೆಯ ಅಡಿಯಲ್ಲಿ. ಸಾಲದ್ದಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಸುಣ್ಣದ ಕಣ ಡ್ರೋನಿನ ಸಣ್ಣ ನಾಝಲಿನಲ್ಲಿ ಕಟ್ಟಿಕೊಳ್ಳುತ್ತದೆ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ದೋಟಿಗೂ ಅದೇ. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ. ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದೇ ಅರ್ಥ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಅಂಗಡಿಯವರು ಹೇಳದೇ ಬಿಡುವ ಮಾತೊಂದಿದೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಬಿದಿರಿನಂತೆ ಹಗುರ ಎಂದು ಒಣ ಬಿದಿರಿನಂತೆ ಬಳಸಬೇಡಿ. ದೋಟಿ 60 ಅಡಿಯದ್ದಾದರೆ ವಿದ್ಯುತ್ ಲೈನಿನಿಂದ 60 ಅಡಿಗಿಂತ ದೂರ ನಿಲ್ಲಿ, ಏಕೆಂದರೆ ಕೈಜಾರಿ ಬಿದ್ದರೆ ಅದು ಅಷ್ಟು ದೂರಕ್ಕೆ ಮುಟ್ಟುತ್ತದೆ. ಲೈನಿನ ಬುಡದ ಮರಗಳಿಗೆ ಕರೆಂಟು ತೆಗೆಸದೆ ಮದ್ದು ಬಿಡಬೇಡಿ. ಹೈ ಟೆನ್ಷನ್ ಲೈನಾದರೆ ದೋಟಿ ತಾಗಲೇಬೇಕೆಂದಿಲ್ಲ, ಹತ್ತಿರ ಹೋದರೂ ಕಿಡಿ ಹಾರುತ್ತದೆ.

ಪ್ರಶ್ನೆ: ಎಲ್‌ಇಡಿ ಬಲ್ಬು ಹಾಕಿದ ಮೇಲೆ ರೇಡಿಯೊ ಗೊರಗೊರ ಎನ್ನುತ್ತದೆ. ರೇಡಿಯೊ ಕೆಟ್ಟಿದೆಯೇ?
— ಓದುಗರೊಬ್ಬರು, ಕುಂಬಳೆ

ಉತ್ತರ: ಇಲ್ಲ, ಬಲ್ಬಿನ ಒಳಗಿನ ಅಗ್ಗದ ಸರ್ಕಿಟ್ ಕೆಟ್ಟದು. ಬಲ್ಬುಗಳನ್ನು ಒಂದೊಂದಾಗಿ ಆರಿಸಿ ಕಳ್ಳನನ್ನು ಹಿಡಿಯಿರಿ. ಆ ಒಂದನ್ನು ಬದಲಿಸಿ. ರೇಡಿಯೊವನ್ನು ಸೆಲ್ಲಿನಲ್ಲಿ ಓಡಿಸಿದರೆ, ಇದ್ದಲ್ಲೇ ಕಾಲು ಸುತ್ತು ತಿರುಗಿಸಿಟ್ಟರೆ, ಅರ್ಧ ಗಲಾಟೆ ಇಳಿಯುತ್ತದೆ.