ಎಳೆ ಬಾರದ, ಮೂಗಿಗೆ ಹೊಡೆಯುವ ಈ ಚೀಸ್ ತುರಿ ಯಾವುದು?

ಸೂಪರ್‌ಮಾರ್ಕೆಟ್‌ನಿಂದ ತಂದ ಪ್ಯಾಕೆಟ್ಟಿನ ಮೇಲಿನ ಭಾಷೆ ಅರ್ಥವಾಗುತ್ತಿಲ್ಲ, ತುರಿ ತಿಳಿಹಳದಿ, ಮರಳು ಮರಳಾಗಿದೆ, ವಾಸನೆ ವಿಪರೀತ, ಬಿಸಿ ಮಾಡಿದರೂ ಎಳೆ ಬರಲಿಲ್ಲ, ಕೆಟ್ಟಿದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಎಸೆಯಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ತಿಂಗಳುಗಟ್ಟಲೆ ಮಾಗಿಸಿದ ಗಟ್ಟಿ ಚೀಸಿನವು. ಮೊಝರೆಲ್ಲಾ ಆಗಿದ್ದರೆ ಕರಗಿ ಎಳೆ ಎಳೆಯಾಗಿ ಬರಬೇಕಿತ್ತು.

ನನ್ನ ಊಹೆ: ಪಾರ್ಮೆಸಾನ್ ಜಾತಿಯದು, ಇಲ್ಲವೇ ಪೆಕೊರಿನೊ. ಮೊದಲನೆಯದು ಹಸುವಿನ ಹಾಲಿನದು. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊವನ್ನು ಕನಿಷ್ಠ 12 ತಿಂಗಳು, ಅದನ್ನೇ ಹೋಲುವ ಗ್ರಾನಾ ಪದಾನೊವನ್ನು ಕನಿಷ್ಠ 9 ತಿಂಗಳು ಮಾಗಿಸುತ್ತಾರೆ. ಪೆಕೊರಿನೊ ಕುರಿ ಹಾಲಿನದು; ಬಣ್ಣ ಇನ್ನೂ ಬಿಳಿ, ಉಪ್ಪು ಜಾಸ್ತಿ, ನಾಲಿಗೆಗೆ ಚುರುಕು.

ವಾಸನೆಗೆ ಹೆದರಬೇಕಿಲ್ಲ. ಮಾಗುವಾಗ ಹಾಲಿನ ಕೊಬ್ಬು ಒಡೆದು ಬ್ಯುಟಿರಿಕ್ ಆಮ್ಲ ಹೊರಬರುತ್ತದೆ. ವಾಂತಿಯ ವಾಸನೆಯಲ್ಲೂ ಇದೇ ಆಮ್ಲ ಇರುವುದರಿಂದ ಅಭ್ಯಾಸವಿಲ್ಲದವರಿಗೆ ಮೊದಲ ಸಲ ಅಸಹ್ಯ ಎನಿಸುವುದು ಸಹಜವೇ. ಬಿಳಿ ಪುಡಿ ಅಂಟಿದ್ದರೆ ಅದು ತುರಿ ಗಂಟು ಕಟ್ಟದಿರಲೆಂದು ಬೆರೆಸಿದ ಸೆಲ್ಯುಲೋಸ್ ಅಥವಾ ಪಿಷ್ಟ. ಹಸಿರು, ನೀಲಿ, ಕಪ್ಪು ಚುಕ್ಕೆಗಳೋ ನೂಲಿನಂಥ ಬೂಷ್ಟೋ ಕಂಡರೆ ಮಾತ್ರ ಇಡೀ ಪ್ಯಾಕೆಟ್ ಬಿಸಾಡಿ. ಗಟ್ಟಿ ತುಂಡಿನಲ್ಲಾದರೆ ಆ ಭಾಗವನ್ನಷ್ಟೇ ಕೊಯ್ದು ತೆಗೆಯಬಹುದು, ತುರಿಯಲ್ಲಿ ಅದು ಸಾಧ್ಯವಿಲ್ಲ.

ಭಾಷೆ ಬಾರದಿದ್ದರೂ ಅಂಕಿಗಳು ಬಹಳ ಹೇಳುತ್ತವೆ. ನಾನಾದರೆ ಮೊದಲು ನೋಡುವುದು ಪೋಷಕಾಂಶದ ಪಟ್ಟಿಯನ್ನು. 100 ಗ್ರಾಂಗೆ ಪ್ರೋಟೀನ್ 30 ಗ್ರಾಂ ದಾಟಿ, ಕಾರ್ಬೋಹೈಡ್ರೇಟ್ ಹೆಚ್ಚುಕಡಿಮೆ ಸೊನ್ನೆಯಿದ್ದರೆ ಪಾರ್ಮೆಸಾನ್ ಜಾತಿಯದೇ ಇರಬೇಕು. ಪ್ರೋಟೀನ್ ತೀರಾ ಕಡಿಮೆಯಿದ್ದು ಕಾರ್ಬೋಹೈಡ್ರೇಟ್ ಏರಿದ್ದರೆ ಪಿಷ್ಟ, ಸಸ್ಯಜನ್ಯ ಎಣ್ಣೆ ಸೇರಿಸಿ ಮಾಡಿದ ನಕಲು ಎಂಬ ಅನುಮಾನ ಬರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಇ ಅಕ್ಷರದೊಂದಿಗೆ ಬರುವ ಸಂಖ್ಯೆಗಳು ಬೆರೆಸಿದ ಸೇರ್ಪಡೆಗಳ ಸಂಕೇತ: ಇ 460 ಎಂದರೆ ಸೆಲ್ಯುಲೋಸ್. ಇ 1105 ಎಂದರೆ ಲೈಸೊಝೈಮ್, ಮೊಟ್ಟೆಯಿಂದ ಬರುವ ಸಂರಕ್ಷಕ. ಗ್ರಾನಾ ಪದಾನೊದಲ್ಲಿ ಸಾಮಾನ್ಯ, ಪಾರ್ಮಿಜಾನೊದಲ್ಲಿ ನಿಷಿದ್ಧ. ಮೊಟ್ಟೆ ಒಗ್ಗದವರು ಇದನ್ನು ಗಮನಿಸಲೇಬೇಕು. ಕೆಂಪು-ಹಳದಿಯ ಗುಂಡು ಮುದ್ರೆಯಿದ್ದರೆ ಅದು ಬೇರೆಯವರು ಹೆಸರು ಬಳಸದಂತೆ ಐರೋಪ್ಯ ಒಕ್ಕೂಟ ಕಾನೂನಿನ ರಕ್ಷಣೆ ಕೊಟ್ಟಿರುವ ಚೀಸ್.

ಇನ್ನೊಂದು ಪರೀಕ್ಷೆ: ಎಣ್ಣೆ ಹಾಕದ ಬಾಣಲೆಯಲ್ಲಿ ಒಂದು ಚಮಚ ತುರಿ ಹರಡಿ ಸಣ್ಣ ಉರಿಯಲ್ಲಿಡಿ. ಗಟ್ಟಿ ಚೀಸ್ ಬಲೆಯಂತೆ ಹರಡಿಕೊಂಡು, ಆರಿದ ಮೇಲೆ ಗರಿಗರಿಯಾಗುತ್ತದೆ.

ನೀವು ಸಸ್ಯಾಹಾರಿಗಳಾಗಿದ್ದರೆ ರುಚಿ ನೋಡುವ ಮೊದಲೇ ತಿಳಿದಿರಲಿ: ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಪೋಷಕಾಂಶದ ಅಂಕಿಗಳನ್ನೂ ಇ ಸಂಖ್ಯೆಗಳನ್ನೂ ಇಲ್ಲಿ ಬರೆದರೆ ಇನ್ನಷ್ಟು ಖಚಿತವಾಗಿ ಹೇಳುತ್ತೇನೆ.