ಕಂದು ಹಕ್ಕಿ ಹದ್ದೋ, ಗರುಡನ ಮರಿಯೋ?

ಪ್ರಶ್ನೆ: ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿ ಬಿಳಿ ತಲೆಯ ಗರುಡಗಳ ಜೊತೆಗೆ ಮೈಯೆಲ್ಲ ಕಂದಾಗಿರುವ ಹಕ್ಕಿಗಳೂ ಮೀನಿಗೆ ಎರಗುತ್ತವೆ. ಅವು ಹದ್ದುಗಳೋ, ಗರುಡನ ಮರಿಗಳೋ ಎಂದು ತಿಳಿಯುವುದು ಹೇಗೆ?

ಉತ್ತರ: ಎರಡೂ ಇರಬಹುದು, ಏಕೆಂದರೆ ಮೀನಿನ ಚೂರುಪಾರು ಬೀಳುವ ಬಂದರುಗಳಿಗೆ ಈ ಎರಡು ಜಾತಿಗಳೂ ಬರುತ್ತವೆ. ಬೆಳೆದ ಗರುಡನ ತಲೆ ಮತ್ತು ಎದೆ ಬಿಳಿ, ಉಳಿದ ಮೈ ಇಟ್ಟಿಗೆಗೆಂಪು. ಅದರ ಗುರುತಿಗೆ ಕಷ್ಟವಿಲ್ಲ. ಆದರೆ ಗೂಡು ಬಿಟ್ಟ ಮರಿಯ ಮೈ ಕಂದಾಗಿದ್ದು, ಎರಡನೆಯ ವರ್ಷದಲ್ಲಿ ತಲೆ ಮತ್ತು ಎದೆ ಬೆಳ್ಳಗಾಗತೊಡಗುವವರೆಗೂ ಅದು ಹದ್ದನ್ನೇ ಹೋಲುತ್ತದೆ. ಆದ್ದರಿಂದ ಬಣ್ಣವನ್ನು ಬದಿಗಿಟ್ಟು ಮೊದಲು ಬಾಲವನ್ನು ನೋಡಿ.

ಹದ್ದಿನ ಬಾಲ ಉದ್ದವಾಗಿದ್ದು ತುದಿಯಲ್ಲಿ ಕವಲೊಡೆದಿರುತ್ತದೆ. ಗರುಡನ ಬಾಲ ಗಿಡ್ಡ, ಅದರ ತುದಿ ಬೀಸಣಿಗೆಯಂತೆ ದುಂಡು. ಇಲ್ಲೊಂದು ಎಚ್ಚರ ಬೇಕು. ಹದ್ದು ಸುತ್ತು ಹೊಡೆಯುತ್ತ ಬಾಲವನ್ನು ಪೂರ್ತಿ ಹರಡಿದಾಗ ಕವಲು ಮರೆಯಾಗಿ ಅಂಚು ಬಹುಮಟ್ಟಿಗೆ ನೇರವಾಗಿ ಕಾಣುತ್ತದೆ, ಹಳೆಯ ಗರಿ ಉದುರಿ ಹೊಸತು ಬರುವ ಕಾಲದಲ್ಲಿಯೂ ಕವಲು ಸ್ಪಷ್ಟವಾಗಿ ತೋರದು. ಆಗಲೂ ಹದ್ದಿನ ಬಾಲದ ಎರಡು ಮೂಲೆಗಳು ಚೂಪಾಗಿಯೇ ಇರುತ್ತವೆ. ಹೀಗಾಗಿ ಒಂದೇ ಫೋಟೊ ನೋಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಹಕ್ಕಿ ಬಾಲ ಮಡಿಸಿಕೊಂಡು ನೇರವಾಗಿ ಸಾಗುವವರೆಗೆ ತಾಳ್ಮೆಯಿಂದ ಕಾಯಬೇಕು.

ಹಾರಾಟದ ರೀತಿಯೂ ನಂಬಬಹುದಾದ ಗುರುತು. ಹದ್ದು ಗಾಳಿಯಲ್ಲಿ ತೇಲುವಾಗ ಬಾಲವನ್ನು ಎಡಕ್ಕೂ ಬಲಕ್ಕೂ ತಿರುಚುತ್ತಲೇ ದಿಕ್ಕು ಬದಲಿಸುತ್ತದೆ, ಗರುಡನಲ್ಲಿ ಈ ತಿರುಚಾಟ ತೀರ ಕಡಿಮೆ. ಎರಡೂ ಅಕ್ಕಪಕ್ಕದಲ್ಲಿದ್ದರೆ ಗರುಡ ಗಾತ್ರದಲ್ಲಿ ಚಿಕ್ಕದೆಂಬುದೂ ತಿಳಿಯುತ್ತದೆ.

ಮರಿಗರುಡನ ರೆಕ್ಕೆಯ ಕೆಳಭಾಗದಲ್ಲಿ, ಕಪ್ಪು ತುದಿಗೆ ತಾಗಿದಂತೆ, ಅಗಲವಾದ ಮಸುಕು ಬಿಳಿಯ ಪಟ್ಟೆಯೊಂದಿದೆ. ಹದ್ದಿನಲ್ಲಿ ಈ ಜಾಗ ಸಾಮಾನ್ಯವಾಗಿ ಇಷ್ಟು ಎದ್ದು ಕಾಣದು. ಆದರೆ ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ, ಗಾತ್ರದಲ್ಲಿ ದೊಡ್ಡದಾದ ಕಪ್ಪುಕಿವಿಯ ಹದ್ದಿನಲ್ಲಿ ಅದೇ ಜಾಗದ ಬಿಳುಪು ಚೆನ್ನಾಗಿ ಕಾಣುವುದರಿಂದ ಆ ತಿಂಗಳುಗಳಲ್ಲಿ ಇದೊಂದನ್ನೇ ನೆಚ್ಚಬೇಡಿ.

ಹಕ್ಕಿ ಕೂತಿದ್ದು ಬಾಲ ಮರೆಯಾಗಿದ್ದರೆ ಕೂಗಿಗೆ ಕಿವಿಗೊಡಿ: ಹದ್ದಿನದು ಕೊನೆಯಲ್ಲಿ ನಡುಗುವ ನೀಳ ಸಿಳ್ಳೆ, ಗರುಡನದು ಮೂಗಿನಿಂದ ಹೊರಟಂತಹ, ಎಳೆದು ಅಳುವ ದನಿ.